ಸೋರುವ ಪರದೆ

ನಮ್ಮ ಅತ್ತೆಗೆ ಐವತ್ತು ದಾಟಿದ ಮೇಲೆ ಮದುವೆಯಾಯಿತು. ಇದನ್ನು ಹೇಳಿದ ಕೂಡಲೇ ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ, ಆಮೇಲೆ ಮುಗುಳ್ನಗುತ್ತಾರೆ, ಕೊನೆಗೆ "ಪಾಪ, ಹೇಗೋ ಒಂದು ದಡ ಸೇರಿದ್ಲಲ್ಲ" ಎನ್ನುತ್ತಾರೆ. ಆ 'ಪಾಪ' ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತೆ ದಡದ ಮೇಲೇ ಇದ್ದಳು, ಅದೂ ಕಾಲು ಚಾಚಿಕೊಂಡು ಕೂತಿದ್ದಳು. ಯಾರ ಹಂಗೂ ಅವಳಿಗಿರಲಿಲ್ಲ. ಅವಳು ನೀರಿಗಿಳಿದದ್ದೇ ಮದುವೆಯಾದ ಮೇಲೆ. ಒಂದು ಹಂತದಲ್ಲಿ ಮುಳುಗುವುದರಲ್ಲೂ ಇದ್ದಳು. ಅದನ್ನೇ ಈಗ ಹೇಳಹೊರಟಿದ್ದೇನೆ.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ಕೆಲಸ ಪರದೆ ಹೊಲಿಯುವುದು. ಬೀದಿಯವರೆಲ್ಲ, ಅವಳಿಗಿಂತ ಹಿರಿಯರು ಕೂಡ, ಪರದೆ ಅತ್ತೆ ಎಂದೇ ಕರೆಯುತ್ತಾರೆ. ಅಂಗಿ ಲಂಗ ಹೊಲಿದುಕೊಡಿ ಎಂದು ಬಂದವರನ್ನು ಅವಳು ಬಾಗಿಲಲ್ಲೇ ವಾಪಸು ಕಳಿಸುತ್ತಾಳೆ. "ಮನುಷ್ಯರಿಗೆ ಹೊಲಿಯೋದು ತಲೆನೋವು. ಇವತ್ತು ಕೊಟ್ಟ ಅಳತೆ ಮುಂದಿನ ತಿಂಗಳು ಇರಲ್ಲ. ಕಿಟಕಿ ದಪ್ಪ ಆಗಲ್ಲ, ಸಣ್ಣ ಆಗಲ್ಲ, ಕಂಕುಳಲ್ಲಿ ಬಿಗೀತು ಅಂತ ಜಗಳಕ್ಕೆ ಬರಲ್ಲ" ಎನ್ನುತ್ತಾಳೆ.

ನಮ್ಮ ಮನೆಯ ಬೀದಿಬದಿಯ ಕೋಣೆಯೇ ಅವಳ ಅಂಗಡಿಯಾಗಿತ್ತು. ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಕತ್ತರಿಸುವುದಕ್ಕೆ ಉದ್ದನೆಯ ಹಲಗೆ, ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಪರದೆಯ ಉಂಗುರಗಳು, ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು. ಅಳತೆಗೆ ತಾನೇ ಹೋಗುತ್ತಾಳೆ, ಯಾರೋ ಚೀಟಿಯಲ್ಲಿ ಬರೆದು ತಂದ ಅಳತೆಯನ್ನು ನಂಬುವುದಿಲ್ಲ. ಬಟ್ಟೆಯ ಹಿಂದೆ ತಪ್ಪದೆ ಅಸ್ತರು ಕೊಡುತ್ತಾಳೆ. ಬೆಳಕನ್ನು ತಡೆಯುವುದು ಆ ಒಳಗಿನ ದಪ್ಪ ಪದರವೇ, ಮೇಲಿನ ಹೂವು ಬಳ್ಳಿಯೆಲ್ಲ ಬರೀ ತೋರಿಕೆ. ಪರದೆ ತೂಗುಹಾಕಿದ ದಿನ ಸಂಜೆ ಮತ್ತೆ ಆ ಮನೆಗೆ ಹೋಗಿ, ಒಳಗೆ ದೀಪ ಹಾಕಿಸಿ, ಪರದೆ ಎಳೆಸಿ, ತಾನು ಬೀದಿಗೆ ಬಂದು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಾಳೆ. ಎಲ್ಲಾದರೂ ಕೂದಲೆಳೆಯಷ್ಟು ಬೆಳಕು ಕಂಡಿತೋ, "ಸೋರ್ತಾ ಇದೆ" ಎಂದವಳೇ ಪರದೆ ಬಿಚ್ಚಿಕೊಂಡು ವಾಪಸು ತರುತ್ತಾಳೆ. ಮನೆಯವರು "ಇರಲಿ ಬಿಡಿ, ಅಷ್ಟೇ ತಾನೆ" ಅಂದರೂ ಕೇಳುವುದಿಲ್ಲ. ಸೂರು ಸೋರಿದರೂ ಇರಲಿ ಬಿಡಿ ಅಂತೀರಾ ಎಂದು ಅವರ ಬಾಯಿ ಮುಚ್ಚಿಸುತ್ತಾಳೆ.

ನಮ್ಮ ಕಡೆಯವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮಲ್ಲಿ ಮೊದಲು ಪರದೆ, ಆಮೇಲೆ ದೀಪ. ಹೊತ್ತು ಮುಳುಗುತ್ತಿದ್ದ ಹಾಗೆ ಕತ್ತಲಲ್ಲೇ ತಡವರಿಸಿಕೊಂಡು ಹೋಗಿ ಕಿಟಕಿಗಳಿಗೆಲ್ಲ ಪರದೆ ಎಳೆದು, ಅದಾದ ಮೇಲೆ ಸ್ವಿಚ್ಚು ಒತ್ತಬೇಕು. ಮಂಚದ ಕಾಲಿಗೆ ಹೆಬ್ಬೆರಳು ಎಡವಿ ಬೊಬ್ಬೆ ಹಾಕದ ಮಗು ನಮ್ಮ ವಂಶದಲ್ಲೇ ಹುಟ್ಟಿಲ್ಲ. ಮೊದಲು ದೀಪ ಹಾಕಿದರೆ ಏನಾಗುತ್ತದೆ ಎಂದು ಒಮ್ಮೆ ಅಜ್ಜಿಯನ್ನು ಕೇಳಿದ್ದೆ. "ಕಂಡೋರ ಕಣ್ಣೆಲ್ಲ ಒಳಗೆ ಬರುತ್ತೆ. ಬಂದದ್ದು ಬೇಗ ಹೋಗಲ್ಲ" ಎಂದಿದ್ದಳು. ಕತ್ತಲಾದ ಮೇಲೂ ಪರದೆ ಸರಿಸಿ ದೀಪ ಉರಿಸುವವರು ನಮ್ಮವರ ಲೆಕ್ಕದಲ್ಲಿ ಎರಡೇ ಬಗೆ. ಒಂದೋ ಹೊಸದಾಗಿ ಸೋಫಾ ಕೊಂಡವರು, ಇಲ್ಲವೇ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು.

ವಯಸ್ಸಿನಲ್ಲಿ ಅತ್ತೆಗೆ ಗಂಡುಗಳು ಬರದೆ ಇರಲಿಲ್ಲ. ಅವಳು ಗಂಡಿನ ಮುಖ ನೋಡುವುದಕ್ಕಿಂತ ಅವರ ಮನೆಯ ಕಿಟಕಿ ನೋಡಿದ್ದೇ ಹೆಚ್ಚು. ಒಳ್ಳೆಯ ಉದ್ಯೋಗದಲ್ಲಿದ್ದ ಒಬ್ಬನನ್ನು, ಅವರ ಮನೆಯ ಪರದೆ ನೆಲದಿಂದ ಗೇಣುದ್ದ ಮೇಲಿತ್ತು ಎಂದು ಬೇಡವೆಂದಳಂತೆ. "ಗೇಣು ಬಟ್ಟೆಗೆ ಜಿಪುಣತನ ಮಾಡೋರು ನಾಳೆ ಅನ್ನಕ್ಕೂ ಮಾಡ್ತಾರೆ" ಎಂಬುದು ಅವಳ ವಾದ. ಕೊನೆಗೆ ಅಪ್ಪ ಕೈಚೆಲ್ಲಿ ಕೂತ. ಅತ್ತೆ ಹಾಯಾಗಿ ಮಿಷನ್ನು ತುಳಿಯುತ್ತ, ನನಗೆ ಗದರುತ್ತ, ಅಪ್ಪನನ್ನು ಆಡಿಕೊಳ್ಳುತ್ತ ಇದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಅಂಗಡಿಗೆ ಬಸ್ ಡ್ರೈವರೊಬ್ಬರು ಬಂದರು. ಸಮವಸ್ತ್ರದಲ್ಲೇ ಇದ್ದರು. ದೊಡ್ಡ ಮೈ, ಮೆಲುದನಿ. ನಾನು ಅಲ್ಲೇ ಕೂತು ಅತ್ತೆಗೆ ಉಂಗುರ ಎಣಿಸಿಕೊಡುತ್ತಿದ್ದೆ.

"ಒಂದು ಪರದೆ ಬೇಕಿತ್ತು, ನನ್ನ ಸೀಟಿನ ಹಿಂದಕ್ಕೆ. ಕತ್ತಲಾದ ಮೇಲೆ ಬಸ್ಸಿನೊಳಗಿನ ಲೈಟು ಮುಂದಿನ ಗಾಜಲ್ಲಿ ಹೊಡೆಯುತ್ತೆ. ರಸ್ತೆ ಕಾಣೋ ಬದಲು ಪ್ಯಾಸೆಂಜರುಗಳ ಮುಖ ಕಾಣುತ್ತೆ."

"ಆಯ್ತು. ಮನೆಗೆ?"

"ಮನೆಗೆ ಬೇಡ. ನಮ್ಮ ಕಡೆ ಮನೆಗೆ ಪರದೆ ಹಾಕಲ್ಲ."

ಅತ್ತೆ ಕತ್ತರಿ ಕೆಳಗಿಟ್ಟಳು. "ಬಸ್ಸಿಗೆ ಹಾಕ್ತೀರಿ, ಮನೆಗೆ ಹಾಕಲ್ವಾ?"

"ಬಸ್ಸಲ್ಲಿ ನಾನು ಹೊರಗೆ ನೋಡ್ಬೇಕು, ಟೇಲರಮ್ಮ. ಮನೇಲಿ ಹೊರಗಿನವರು ನನ್ನ ನೋಡ್ಬೇಕು" ಎಂದರು ಅವರು, ಇದಕ್ಕಿಂತ ಸರಳವಾದದ್ದು ಇನ್ನೇನಿದೆ ಎಂಬಂತೆ.

ಅತ್ತೆ ನಕ್ಕಳು. ಗಿರಾಕಿಯ ಮಾತಿಗೆ ಅವಳು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ಆ ಪುಟ್ಟ ಪರದೆಗೂ ಎರಡು ಪದರ ಅಸ್ತರು ಕೊಟ್ಟು, ಸಂಜೆ ಡಿಪೋಗೆ ಹೋಗಿ ಡ್ರೈವರ್ ಸೀಟಿನಲ್ಲಿ ತಾನೇ ಕೂತು, ಗಾಜಿನಲ್ಲಿ ಬೆಳಕು ಹೊಡೆಯುತ್ತದೆಯೇ ಎಂದು ನೋಡಿ ಬಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಒಂದು ಉಂಗುರ ಉದುರಿತು ಎಂದು ಅವರು ಬಂದರು. ಆಮೇಲೆ ದಾರ ಸಡಿಲವಾಯಿತು ಎಂದು ಬಂದರು. ಆಮೇಲೆ ಮತ್ತೆ ಅದೇ ಉಂಗುರ.

"ಅತ್ತೆ, ನೀನು ಹೊಲಿದ ಉಂಗುರ ತಾನಾಗಿ ಉದುರೋದುಂಟಾ? ಯಾರೋ ಕೂತು ಕೀಳ್ತಿದಾರೆ" ಎಂದೆ.

"ಬಸ್ಸು ಅಲುಗಾಡುತ್ತಲ್ಲೇ" ಎಂದಳು ಅತ್ತೆ, ನನ್ನ ಮುಖ ನೋಡದೆ.

ಮದುವೆಯ ಮಾತು ಬಂದಾಗ ಅಪ್ಪ, ಹಿರಿಯಣ್ಣನ ಗತ್ತಿನಲ್ಲಿ, ಗಂಡಿನ ಮನೆ ನೋಡಿ ಬರುತ್ತೇನೆಂದು ಹೊರಟ. ಹೋದದ್ದು ಡ್ರೈವರಿಗೆ ರಜೆಯಿದ್ದ ದಿನ, ದೀಪ ಹಚ್ಚುವ ಹೊತ್ತಿಗೆ. ಹೋದಷ್ಟೇ ಬೇಗ ವಾಪಸು ಬಂದ. ಡ್ರೈವರ ಮನೆ ದೊಡ್ಡ ರಸ್ತೆಯ ಮೇಲಿದೆ. ಕಿಟಕಿ ಪೂರಾ ತೆರೆದಿದೆ, ಒಳಗೆ ದೀಪ ಉರಿಯುತ್ತಿದೆ, ಗಂಡು ಬನಿಯನ್ನಿನಲ್ಲಿ ನಿಂತು ಪ್ಯಾಂಟಿಗೆ ಇಸ್ತ್ರಿ ಹಾಕುತ್ತಿದ್ದಾರೆ. ಅಪ್ಪ ಗೇಟಿನಲ್ಲೇ ಬೆನ್ನು ತಿರುಗಿಸಿ ನಿಂತನಂತೆ. ಒಳಗಿನಿಂದ ಅವರು "ಬನ್ನಿ ಬನ್ನಿ" ಎಂದು ಕೈಬೀಸಿ ಕರೆದರೂ ತಿರುಗಲಿಲ್ಲವಂತೆ.

"ಮನೆಯೋ ಅಂಗಡಿಯೋ ಅದು? ಒಂದು ಬೆಲೆ ಚೀಟಿ ಅಂಟಿಸಿಲ್ಲ, ಅಷ್ಟೇ" ಎಂದು ಅಪ್ಪ ರೇಗಾಡಿದ.

"ಇಸ್ತ್ರಿ ಹೇಗೆ ಹಾಕ್ತಿದ್ರು?" ಎಂದು ಅತ್ತೆ ಕೇಳಿದಳು.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ, "ಗೆರೆ ನೇರ ಇತ್ತು" ಎಂದು ಒಪ್ಪಿಕೊಂಡ. ಮದುವೆ ನಿಶ್ಚಯವಾಯಿತು.

ಅಂದಿನಿಂದ ಡ್ರೈವರು ನನಗೆ ಮಾವನಾದರು. ಮಾವನ ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರು ಓಡಿಸುವ ಬಸ್ಸು ಅವರ ಮನೆಯ ಮುಂದಿನ ರಸ್ತೆಯಲ್ಲೇ ಪೇಟೆಗೆ ಹೋಗಿ, ಪೇಟೆ ಸುತ್ತಿ, ಅದೇ ರಸ್ತೆಯಲ್ಲಿ ಮರಳುತ್ತದೆ. ಹೋಗುವಾಗಿನ ಸ್ಟಾಪು ಮನೆಯ ಎದುರು ಮಗ್ಗುಲಲ್ಲಿ, ಬರುವಾಗಿನದು ಮನೆಯ ಗೇಟಿಗೇ ಅಂಟಿಕೊಂಡ ಹಾಗಿದೆ. ಅತ್ತೆ ತನ್ನ ಮಿಷನ್ನು, ಹಲಗೆ, ಉಂಗುರದ ಡಬ್ಬಿ ಎಲ್ಲವನ್ನೂ ಹೊತ್ತುಕೊಂಡು ಆ ಮನೆಗೆ ಹೋದಳು. ಜೊತೆಗೆ ನಮ್ಮ ಮನೆಯ ಹಳೆಯ ಪರದೆಗಳನ್ನೂ ಒಯ್ದಳು.

ಮೊದಲ ಸಂಜೆಯೇ ಶುರುವಾಯಿತು. ನಮ್ಮವರಿಗೆ ಬೆಳಕೆಂದರೆ ನಡುಮನೆಯ ಸೂರಿನಲ್ಲಿ ಒಂದು ಬಿಳಿ ಟ್ಯೂಬ್‌ಲೈಟು. ಮೂಲೆಯ ಇರುವೆಯೂ ಕಾಣಬೇಕು. ಮಾವನ ಮನೆಯಲ್ಲಿ ಸೂರಿನಲ್ಲಿ ದೀಪವೇ ಇಲ್ಲ. ಮೂಲೆಗೊಂದು, ಕಪಾಟಿನ ಮೇಲೊಂದು, ಕಿಟಕಿಯ ಹಲಗೆಯ ಮೇಲೊಂದು ಪುಟ್ಟ ಹಳದಿ ದೀಪ.

"ಸೂಜಿಗೆ ದಾರ ಪೋಣಿಸೋಕಾಗದ ದೀಪ ಒಂದು ದೀಪವಾ?" ಎಂದಳು ಅತ್ತೆ.

"ನಿನ್ನ ಟ್ಯೂಬ್‌ಲೈಟಿನ ಕೆಳಗೆ ಕೂತ್ರೆ ಆಪರೇಷನ್ನಿಗೆ ಮಲಗಿಸಿದ ಹಾಗಾಗುತ್ತೆ, ಟೇಲರಮ್ಮ" ಎಂದರು ಮಾವ. ಮದುವೆಯಾದ ಮೇಲೂ ಅವರು ಟೇಲರಮ್ಮ ಎನ್ನುವುದನ್ನು ಬಿಡಲಿಲ್ಲ.

ಎರಡನೆಯ ಸಂಜೆ ಅತ್ತೆ ಪರದೆ ಎಳೆದಳು. ಸ್ವಲ್ಪ ಹೊತ್ತಿಗೆಲ್ಲ ಬಾಗಿಲು ಬಡಿದ ಸದ್ದು. ಎದುರು ಮನೆಯ ಅಜ್ಜಿ ಬಿಸಿ ಹಾಲಿನ ಫ್ಲಾಸ್ಕು ಹಿಡಿದು ನಿಂತಿದ್ದರು. "ಯಾರಿಗಮ್ಮ ಹುಷಾರಿಲ್ಲ?" ಎಂದು ಪಿಸುದನಿಯಲ್ಲಿ ಕೇಳಿದರು. ಅವರ ಹಿಂದೆಯೇ ಪಕ್ಕದ ಮನೆಯ ಮೇಷ್ಟ್ರು ಜ್ವರದ ಮಾತ್ರೆಯೊಂದಿಗೆ ಬಂದರು. ಆ ಬೀದಿಯಲ್ಲಿ ಕತ್ತಲಾದ ಮೇಲೆ ಕಿಟಕಿ ಮುಚ್ಚಿದರೆ ಒಳಗೆ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂದೇ ಅರ್ಥವಂತೆ. ತೆರೆದು ದೀಪವಿಟ್ಟರೆ, ಮನೆಯಲ್ಲಿದ್ದೇವೆ, ಚೆನ್ನಾಗಿದ್ದೇವೆ ಎಂದು.

"ಎಲ್ಲರೂ ಚೆನ್ನಾಗಿದೀವಿ" ಎಂದಳು ಅತ್ತೆ, ಕೆಂಪಗಾಗಿ.

"ಮತ್ತೆ ಯಾಕಮ್ಮ ಮುಚ್ಚಿದ್ದು?" ಅಜ್ಜಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಇವರು ಡ್ಯೂಟಿಗೆ ಹೋದ ಸಂಜೆಯೆಲ್ಲ ಎಷ್ಟು ವರ್ಷ ಈ ಕಿಟಕಿ ಕತ್ತಲಾಗಿತ್ತು. ನಿನ್ನೆ ದೀಪ ಕಂಡಿತು ಅಂತ ನಾವೆಲ್ಲ ಖುಷಿಪಟ್ವಿ. ಇವತ್ತು ನೋಡಿದ್ರೆ ಹೀಗೆ."

ಹಾಲನ್ನು ಕೊನೆಗೆ ಎಲ್ಲರೂ ಕೂತು ಕುಡಿದರು. ಅವರು ಹೋದ ಮೇಲೆ ಗಂಡ ಹೆಂಡಿರ ನಡುವೆ ದೊಡ್ಡ ಚರ್ಚೆ ನಡೆಯಿತು. ಮುಚ್ಚಿಕೊಳ್ಳೋಕೆ ನಮ್ಮನೇಲಿ ಏನಿದೆ ಎಂದು ಮಾವ, ತೋರಿಸೋಕೆ ಏನಿದೆ ಎಂದು ಅತ್ತೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರಲ್ಲ, ಹಾಗೇ ಉಂಡು ಮಲಗುವ ಮೊದಲು ರಾಜಿಯಾಯಿತು. ಒಳಗಿನ ದೀಪಗಳು ಮಾವನ ಇಷ್ಟದಂತೆ, ಕಿಟಕಿ ಅತ್ತೆಯ ಇಷ್ಟದಂತೆ. ಮಿಷನ್ನಿನ ನೆತ್ತಿಯ ಮೇಲೆ ಮಾತ್ರ ಒಂದು ಬಿಳಿ ಬಲ್ಬು.

ಈ ರಾಜಿ ಚೆನ್ನಾಗಿಯೇ ನಡೆಯಿತು. ನಾನು ಆಗಾಗ ಹೋಗಿ ಬರುತ್ತಿದ್ದೆ. ಮಾವ ಕೆಲಸ ಮುಗಿಸಿ ಬರುವಾಗ ಗೇಟಿನಿಂದಲೇ ಏನಾದರೂ ಗುನುಗುತ್ತ ಬರುತ್ತಿದ್ದರು. ಅತ್ತೆ ಮೊದಲಿಗಿಂತ ದಪ್ಪಗಾಗಿದ್ದಳು. ಹಳದಿ ದೀಪದಲ್ಲಿ ನೀನು ಬೆಳ್ಳಗೆ ಕಾಣ್ತೀಯ ಎಂದು ಮಾವ ಹೇಳಿದ್ದನ್ನು ನನಗೆ ಮೂರು ಸಲ ಹೇಳಿದಳು, ಮೂರು ಸಲವೂ ಬೈಗುಳದ ಧಾಟಿಯಲ್ಲಿ.

ಒಂದೇ ಒಂದು ಕೊರತೆಯಿತ್ತು. ನಮ್ಮ ಮನೆಯ ಪರದೆಗಳು ಆ ದೊಡ್ಡ ಕಿಟಕಿಗೆ ಸಾಲುತ್ತಿರಲಿಲ್ಲ. ಎರಡು ಕಡೆಯಿಂದ ಎಷ್ಟು ಎಳೆದರೂ ನಡುವೆ ಎರಡು ಬೆರಳಷ್ಟು ಸಂದು ಉಳಿಯುತ್ತಿತ್ತು. ಊರವರ ಕಿಟಕಿಗಳನ್ನೆಲ್ಲ ಬಿಗಿ ಮಾಡುವವಳಿಗೆ ತನ್ನ ಕಿಟಕಿಗೆ ಬಿಡುವಿರಲಿಲ್ಲ. ದೀಪದ ಕೆಳಗೇ ಕತ್ತಲೆ ಎನ್ನುವುದು ಇದಕ್ಕೇ ಇರಬೇಕು. ಅಷ್ಟರಲ್ಲಿ ಅಳತೆಗೆ ಕರೆಯಲು ಬಂದ ಗಿರಾಕಿಯೊಬ್ಬಳು ಮಾತಿನ ನಡುವೆ, "ನಿಮ್ಮನೇದೇ ಸೋರ್ತಾ ಇದ್ಯಲ್ಲ" ಎಂದು ನಕ್ಕುಬಿಟ್ಟಳು. ಅತ್ತೆಗೆ ಅದು ಕರುಳಿಗೇ ನಾಟಿತು.

ಆಗ ಹೊಲಿದಳು ನೋಡಿ. ಕಡುಹಸಿರು ಬಟ್ಟೆ, ಎರಡು ಪದರ ಅಸ್ತರು, ನಡುವೆ ಒಂದರ ಮೇಲೊಂದು ಅಂಗೈಯಗಲ ಹೊದೆಯುವ ಅಂಚು, ಪಕ್ಕದ ಗೋಡೆಗೆ ಹೊಂದಿಕೊಳ್ಳುವ ಪಟ್ಟಿ. ಜೀವಮಾನದಲ್ಲೇ ಅಂಥದ್ದನ್ನು ಹೊಲಿದಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾವ ಏಣಿ ಹಿಡಿದರು, ಅತ್ತೆ ಹತ್ತಿ ತೂಗುಹಾಕಿದಳು. "ಚೆನ್ನಾಗಿದೆ" ಎಂದರು ಮಾವ. ನಾನೂ ಇದ್ದೆ. ಅವರು ಹೇಳಿದ್ದು ಅಷ್ಟೇ.

ಆಮೇಲಿನಿಂದ ಗುನುಗುವುದು ನಿಂತಿತು. ಊಟಕ್ಕೆ ಕೂತಾಗ ಮಾವ, "ಸಾಯಂಕಾಲ ಮನೇಲೇ ಇದ್ಯಾ?" ಎಂದು ಕೇಳತೊಡಗಿದರು. ಮರುದಿನ ಮತ್ತೆ, "ಎಲ್ಲಾದ್ರೂ ಹೋಗಿದ್ಯಾ?" ಅತ್ತೆ ಮೊದಮೊದಲು ಇಲ್ಲವೆಂದಳು. ನಾಲ್ಕು ದಿನ ಅದೇ ಪ್ರಶ್ನೆ ಬಂದ ಮೇಲೆ ಅವಳ ಮೂಗಿನ ತುದಿಗೆ ಕೋಪ ಬಂತು. "ಈ ವಯಸ್ಸಲ್ಲಿ ನನ್ನ ಮೇಲೆ ಅನುಮಾನವಾ?" ಎಂದು ಸಿಡಿದಳು. ಮಾವ ಗಾಬರಿಯಾಗಿ ಇಲ್ಲ ಇಲ್ಲ ಎಂದು ಎದ್ದು ಕೈತೊಳೆದರು. ಅಂದಿನಿಂದ ಮನೆಯಲ್ಲಿ ಮಾತು ಕಡಿಮೆಯಾಯಿತು.

ಇಷ್ಟರ ಮೇಲೆ ಕಂಡಕ್ಟರು ಬಂದು ಇನ್ನೊಂದು ಸುದ್ದಿ ಬಿಟ್ಟ. ಮಾವನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು, ಹೊಟ್ಟೆಯಲ್ಲಿ ಮಾತು ನಿಲ್ಲದವನು. "ಅಕ್ಕ, ಅಣ್ಣ ಈ ರೂಟು ಬೇಡ ಅಂತ ಡಿಪೋದಲ್ಲಿ ಕೇಳಿದಾರಂತಲ್ಲ? ಹೆದ್ದಾರಿ ಬಸ್ಸು ಕೊಡಿ ಅಂತ? ಆ ಬಸ್ಸಿಗೆ ಹೋದ್ರೆ ವಾರದಲ್ಲಿ ಮುಕ್ಕಾಲು ದಿನ ಪರಊರಲ್ಲೇ ಮಲಗ್ಬೇಕು" ಎಂದ. ಅತ್ತೆ ಆ ರಾತ್ರಿಯೇ ಮಾವನನ್ನು ಕೇಳಿದರೆ, "ಈ ರಸ್ತೆ ಸಾಕಾಯ್ತು" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಹೇಳಿದರಂತೆ.

ಮರುದಿನ ಸಂಜೆ ನನಗೆ ಫೋನು ಬಂತು. "ಬಾರೆ. ಮಿಷನ್ನು ಒಬ್ಬಳೇ ಎತ್ತೋಕಾಗಲ್ಲ" ಎಂದಳು ಅತ್ತೆ.

ನಾನು ಹೋಗುವಷ್ಟರಲ್ಲಿ ಹೊರಗೆ ಕತ್ತಲು ಇಳಿದಿತ್ತು. ಅತ್ತೆ ಮಿಷನ್ನಿಗೆ ಹಳೆಯ ಚಾದರ ಸುತ್ತಿ ಹಗ್ಗ ಬಿಗಿಯುತ್ತಿದ್ದಳು. ಡಬ್ಬಿಗಳೆಲ್ಲ ಚೀಲ ಸೇರಿದ್ದವು. ಅಣ್ಣನ ಮನೆಗೆ ವಾಪಸು ಬರುವುದೆಂದು ತೀರ್ಮಾನಿಸಿದ್ದಳು.

"ಕೂತು ಮಾತಾಡಬಾರದಾ ಅತ್ತೆ?"

"ಏನು ಮಾತಾಡ್ಲಿ? ನನ್ನ ಮುಖ ನೋಡೋದು ಬೇಡ ಅಂತ ಪರಊರಿಗೆ ಹೋಗೋ ಮನುಷ್ಯನ ಹತ್ರ?" ಹಗ್ಗ ಬಿಟ್ಟು ಮಿಷನ್ನಿನ ಮೇಲೇ ತಲೆಯಿಟ್ಟಳು. "ನನಗೆ ಇಲ್ಲೇ ಇರಬೇಕು ಅಂತಿದೆ ಕಣೇ. ಈ ಮಂಕು ದೀಪಗಳೂ ಅಭ್ಯಾಸ ಆಗಿದ್ವು. ಆದರೆ ಬೇಡ ಅನ್ನಿಸಿಕೊಂಡು ಇರೋಕೆ ನನ್ನಿಂದಾಗಲ್ಲ."

ಅವಳು ಅತ್ತದ್ದನ್ನು ನಾನು ನೋಡಿದ್ದು ಕಡಿಮೆ. ನನಗೆ ಮಾವನ ಮೇಲೆ ವಿಪರೀತ ಸಿಟ್ಟು ಬಂತು. ಬಂದ ಕೂಡಲೇ ನಾಲ್ಕು ಮಾತು ಕೇಳಿಯೇ ತೀರಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಅತ್ತೆ ಕಣ್ಣೊರೆಸಿಕೊಂಡು ಎದ್ದಳು. ಪರದೆಯ ಕಡೆ ನೋಡಿದಳು. "ನಮ್ಮನೇದೇ ತಾನೆ ಅಂತ ಇದನ್ನ ಹಾಕಿದ ಮೇಲೆ ಹೊರಗೆ ನಿಂತು ನೋಡೇ ಇಲ್ಲ. ಹೋಗೋ ಮುಂಚೆ ಒಂದ್ಸಲ ನೋಡಿಬಿಡ್ತೀನಿ. ಕೆಲಸ ಅರ್ಧಕ್ಕೆ ಬಿಟ್ಟು ಹೋದ್ಲು ಅನ್ನಿಸ್ಕೊಬಾರದು" ಎಂದಳು. ಮನೆ ಮುರಿಯುವ ಹೊತ್ತಿನಲ್ಲೂ ಅಸ್ತರಿನ ಚಿಂತೆ ಬಿಡದವಳನ್ನು ಏನೆನ್ನುವುದು. ಒಳಗಿನ ದೀಪಗಳನ್ನೆಲ್ಲ ಹಾಕಿ, ಪರದೆ ಎಳೆದು, ಇಬ್ಬರೂ ಗೇಟಿನಾಚೆ ಹೋಗಿ ಮರದ ಕೆಳಗೆ ನಿಂತೆವು.

ಬೀದಿಯುದ್ದಕ್ಕೂ ಕಿಟಕಿಗಳು ಬೆಳಗುತ್ತಿದ್ದವು. ಫ್ಲಾಸ್ಕಿನ ಅಜ್ಜಿ ಕನ್ನಡಕ ಹಾಕಿಕೊಂಡು ಏನೋ ಹೆಣೆಯುತ್ತಿದ್ದರು. ಮೇಷ್ಟ್ರು ಉತ್ತರಪತ್ರಿಕೆ ತಿದ್ದುತ್ತ ಆಗಾಗ ತಲೆ ಚಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಮನೆಯಲ್ಲಿ ಅವಳಿ ಮಕ್ಕಳು ಒಂದೇ ದಿಂಬಿಗೆ ಕಿತ್ತಾಡುತ್ತಿದ್ದವು. ಆ ಸಾಲಿನ ನಡುವೆ ಅತ್ತೆಯ ಮನೆಯೊಂದು, ಬಿದ್ದ ಹಲ್ಲಿನ ಜಾಗದಂತೆ, ಕಪ್ಪಗಿತ್ತು. ಒಳಗೆ ಅಷ್ಟು ದೀಪ ಉರಿಯುತ್ತಿದೆ ಎಂದರೆ ಯಾರೂ ನಂಬುವ ಹಾಗಿರಲಿಲ್ಲ.

"ಒಂದು ಎಳೆಯೂ ಸೋರ್ತಿಲ್ಲ" ಎಂದಳು ಅತ್ತೆ. ಅಂಥ ದುಃಖದಲ್ಲೂ ದನಿಯಲ್ಲಿ ಹೆಮ್ಮೆಯಿತ್ತು.

ಅಷ್ಟರಲ್ಲಿ ಪೇಟೆಗೆ ಹೋಗುವ ಬಸ್ಸು ಬಂದು ಎದುರು ಮಗ್ಗುಲಿನ ಸ್ಟಾಪಿನಲ್ಲಿ ನಿಂತಿತು. ಬಾಗಿಲು ತೆರೆದಾಗ ಮುಂದಿನ ದೀಪ ಹತ್ತಿ ಡ್ರೈವರ್ ಸೀಟಿನ ಮೇಲೆ ಬೆಳಕು ಬಿತ್ತು. ಮಾವ ಕೂತಿದ್ದರು. ಅವರ ಪಕ್ಕದ ಕಿಟಕಿ ನೇರ ನಮ್ಮ ಕಡೆಗಿತ್ತು. ಮರದ ಕತ್ತಲಲ್ಲಿ ನಿಂತ ನಾವು ಅವರಿಗೆ ಕಾಣುತ್ತಿರಲಿಲ್ಲ, ಅವರು ನಮಗೆ ಚೆನ್ನಾಗಿ ಕಾಣುತ್ತಿದ್ದರು. ಬೇರೆಯವರ ಬೆಳಗಿದ ಕಿಟಕಿಯೊಳಗೆ ಇಣುಕಬಾರದು ಎಂದು ಜೀವನವಿಡೀ ನನಗೆ ಗದರಿದ ಅತ್ತೆ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮಾವ ಕಿಟಕಿಯಿಂದ ತಲೆ ಹೊರಗೆ ಚಾಚಿ ಮನೆಯ ಕಡೆ ನೋಡಿದರು. ಈ ತುದಿಯಿಂದ ಆ ತುದಿಯವರೆಗೆ, ಜಾತ್ರೆಯಂಥ ಜಂಗುಳಿಯಲ್ಲಿ ಗುರುತಿನ ಮುಖ ಹುಡುಕುವವರ ಹಾಗೆ ಹುಡುಕಿದರು. ಅಲ್ಲೇನೂ ಇರಲಿಲ್ಲ. ಅವರ ಮುಖ ನೋಡನೋಡುತ್ತಿದ್ದ ಹಾಗೆ ಸಣ್ಣದಾಯಿತು. ಅಂಗೈಯಿಂದ ಒಮ್ಮೆ ಮುಖ ಒರೆಸಿಕೊಂಡು ಗೇರು ಹಾಕಿದರು. ಬಸ್ಸು ಹೋಯಿತು.

ನಾನು ಜೋಡಿಸಿಟ್ಟುಕೊಂಡಿದ್ದ ನಾಲ್ಕು ಮಾತುಗಳೂ ಮರೆತುಹೋದವು.

"ಆ ಹಳೇ ಪರದೇಲಿ ಒಂದು ಗೆರೆ ಬೆಳಕು ಬರ್ತಿತ್ತು" ಎಂದಳು ಅತ್ತೆ, ನಿಧಾನವಾಗಿ. "ದಿನಾ ಅದನ್ನ ನೋಡಿಕೊಂಡು ಹೋಗ್ತಿದ್ರು. ಮನೇಲಿ ಇದ್ಯಾ, ಮನೇಲಿ ಇದ್ಯಾ ಅಂತ ಕೇಳ್ತಿದ್ದದ್ದು ಅದಕ್ಕೇ. ನಾನೇ ಆರಿಸಿಬಿಟ್ಟೆನಲ್ಲೇ. ಎರಡು ಪದರ ಅಸ್ತರು ಕೊಟ್ಟು ಆರಿಸಿದೆ."

ಆಮೇಲೆ ನನ್ನ ಕೈ ಹಿಡಿದು ಒ‍ಳಕ್ಕೆ ಎಳೆದುಕೊಂಡು ಓಡಿದಳು. ಬಸ್ಸು ಪೇಟೆ ಸುತ್ತಿ ಬರುವಷ್ಟರಲ್ಲಿ ಆಗಬೇಕು. ಪರದೆಯ ಅಂಚು ಹಿಡಿದವಳು ಹಾಗೇ ನಿಂತುಬಿಟ್ಟಳು.

"ಕೈ ಬರ್ತಿಲ್ಲ ಕಣೇ. ದೀಪ ಉರೀತಿರುವಾಗ ಪರದೆ ತೆಗೆದದ್ದು ಹುಟ್ಟಿದಾರಭ್ಯ ಇಲ್ಲ. ಬಟ್ಟೆ ಇಲ್ಲದೆ ಬೀದಿಗೆ ಹೋದ ಹಾಗಾಗುತ್ತೆ."

"ದೀಪ ಆರಿಸಲಾ? ತೆಗೆದಾದ ಮೇಲೆ ಹಾಕೋಣ."

"ಬೇಡ. ಆರಿಸಿದ್ದು ಸಾಕು" ಎಂದು ಕಣ್ಣು ಮುಚ್ಚಿಕೊಂಡು ಎಳೆದಳು. ಉಂಗುರಗಳು ಸರ್ರೆಂದು ಮೂಲೆಗೆ ಸರಿದವು. ಬೀದಿಗೆ ಬೀದಿಯೇ ಒಳಗೆ ಬಂತು. ಎದುರು ಮನೆಯ ಅಜ್ಜಿ ಹೆಣಿಗೆ ಬಿಟ್ಟು ಎದ್ದು ನಿಂತು ಕೈಬೀಸಿದರು. ಅತ್ತೆ ಒಂದು ಕಣ್ಣು ತೆರೆದು ನೋಡಿ, ಹೆದರುತ್ತ ತಾನೂ ಕೈಬೀಸಿದಳು.

ಮಿಷನ್ನಿನ ಹಗ್ಗ ಬಿಚ್ಚಿದೆವು. ಅದನ್ನು ಕಿಟಕಿಯ ಎದುರಿಗೇ ಎಳೆದು, ಮೇಲೆ ಬಿಳಿ ಬಲ್ಬು ಹಾಕಿ, ಅತ್ತೆ ಕೂತಳು. ಕೈಗೆ ಸಿಕ್ಕ ದಿಂಬಿನ ಚೀಲವೊಂದನ್ನು ಹೊಲಿಯತೊಡಗಿದಳು. ಸ್ಟುಡಿಯೋದಲ್ಲಿ ಫೋಟೋಗೆ ಕೂತವರ ಹಾಗೆ ಬೆನ್ನು ನೆಟ್ಟಗಿತ್ತು.

ಮರಳುವ ಬಸ್ಸು ಗೇಟಿನ ಎದುರಿಗೇ ಬಂದು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಬಸ್ಸು ಹೊರಡಲಿಲ್ಲ. ಮಾವ ಸೀಟಿನಿಂದ ಅರ್ಧ ಎದ್ದು, ತೆರೆದ ಬಾಗಿಲಿನಾಚೆಗೆ ಬಗ್ಗಿ ನೋಡುತ್ತಿದ್ದರು. ಕಂಡಕ್ಟರು ಗಂಟೆ ಹೊಡೆದ, ಮತ್ತೆ ಹೊಡೆದ. ಡ್ರೈವರು ಏನು ನೋಡುತ್ತಿದ್ದಾನೆಂದು ಪ್ಯಾಸೆಂಜರುಗಳೆಲ್ಲ ನಮ್ಮ ಕಡೆ ತಿರುಗಿದರು.

"ಹೋದ್ರಾ?" ಎಂದಳು ಅತ್ತೆ ತುಟಿ ಅಲುಗಿಸದೆ, ತಲೆ ಎತ್ತದೆ.

"ಇಲ್ಲ. ನೋಡ್ತಾ ಇದಾರೆ."

"ಇವರೊಬ್ಬರೇನಾ?"

"ಬಸ್ಸಿಗೆ ಬಸ್ಸೇ ನೋಡ್ತಿದೆ ಅತ್ತೆ."

"ಅಯ್ಯೋ, ಮಾನ ಹೋಯ್ತು" ಎಂದಳು. ಹಾಗೆನ್ನುತ್ತಲೇ ತಲೆಯೆತ್ತಿ ಮಾವನನ್ನು ನೋಡಿ ನಕ್ಕಳು. ಮಾವ ಹಾರನ್ ಒತ್ತಿದರು. ಎಮ್ಮೆ ಅಡ್ಡ ಬಂದರೂ ಹಾರನ್ ಮಾಡದೆ ಕಾಯುವ ಮನುಷ್ಯ, ಬೀದಿ ಬೆಚ್ಚಿಬೀಳುವ ಹಾಗೆ ಒತ್ತಿ, ಬಸ್ಸು ಹೊರಡಿಸಿದರು.

ಅವರು ಮನೆಗೆ ಬಂದಾಗ ಗುನುಗು ಗೇಟಿನಿಂದಲೇ ಕೇಳಿಸಿತು. ಒಳಗೆ ಬಂದು, ಬಿಚ್ಚಿದ ಹಗ್ಗವನ್ನೂ ಚೀಲಗಳನ್ನೂ ನೋಡಿದರು. ಏನಾಗುವುದರಲ್ಲಿತ್ತು ಎಂದು ಅವರಿಗೆ ತಿಳಿಯಿತು. ಕುರ್ಚಿಯಲ್ಲಿ ಕೂತುಬಿಟ್ಟರು.

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?" ಎಂದಳು ಅತ್ತೆ.

"ಕಿಟಕಿ ನಿನ್ನಿಷ್ಟ ಅಂತ ಮಾತು ಕೊಟ್ಟಿದ್ನಲ್ಲ. ನೀನು ಅಷ್ಟು ಕಷ್ಟಪಟ್ಟು ಬೇರೆ ಹೊಲಿದಿದ್ದೆ." ಮಾವ ತಲೆ ತಗ್ಗಿಸಿಕೊಂಡೇ ಹೇಳಿದರು. "ಮೊದಲನೆಯವಳು ಹೋದ ಮೇಲೆ ಎಷ್ಟೋ ವರ್ಷ ದಿನಾ ಸಾಯಂಕಾಲ ಇಲ್ಲಿ ಬಸ್ಸು ನಿಲ್ಲಿಸ್ತಿದ್ದೆ. ಎಲ್ಲರ ಮನೇಲೂ ಬೆಳಕು. ನನ್ನ ಮನೇಲಿ ಮಾತ್ರ ಇಲ್ಲ. ನೀನು ಬಂದ ಮೇಲೆ ಒಂದು ಗೆರೆ ಕಾಣ್ತಿತ್ತು. ಅದೂ ಹೋಯ್ತು. ನೀನು ಒಳಗಿದೀಯ ಅಂತ ಗೊತ್ತು, ಆದರೂ ಕಣ್ಣು ನಂಬಲ್ಲ, ಟೇಲರಮ್ಮ. ಮತ್ತೆ ಆ ಕತ್ತಲೆ ನೋಡೋಕಾಗಲ್ಲ ಅಂತ ಬೇರೆ ರೂಟು ಕೇಳಿದೆ. ಇವತ್ತು ಡಿಪೋದಲ್ಲಿ ಬಸ್ಸು ಬಿಟ್ಟ ಕೂಡಲೇ ಬೇರೆ ರೂಟು ಬೇಡ ಅಂತ ಹೇಳಿ ಬಂದೆ."

ಅತ್ತೆ ದಿಂಬಿನ ಚೀಲವನ್ನು ಮಡಚಲು ಹೋದಳು. ಅದರ ನಾಲ್ಕೂ ಕಡೆ ಹೊಲಿಗೆ ಬಿದ್ದಿತ್ತು, ದಿಂಬು ತೂರಿಸಲು ಬಾಯಿಯೇ ಇರಲಿಲ್ಲ. ಮಾವ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಮೂವರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

"ದಿನಾ ಇಷ್ಟೆಲ್ಲ ತೆಗೀಬೇಡ. ನಿನಗೆ ಕಷ್ಟ ಆಗುತ್ತೆ. ಮೊದಲಿನ ಹಾಗೆ ಒಂದು ಗೆರೆ ಸಾಕು" ಎಂದರು ಮಾವ.

"ಸೋರೋ ಪರದೆ ನನ್ನ ಕೈಯಿಂದ ಹೊಲಿಸ್ತೀರಾ?" ಎಂದು ಅತ್ತೆ ಮೂಗು ಮುರಿದಳು.

ಆದರೆ ಮುಂದಿನ ಭಾನುವಾರ ಪರದೆ ಕೆಳಗಿಳಿಯಿತು. ಅತ್ತೆ ಸೂಜಿಯ ಮೊನೆಯಿಂದ ತನ್ನ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದಳು. ನಡುವೆ ಮೇಲಿನಿಂದ ಕೆಳಗಿನವರೆಗೆ ಎರಡು ಬೆರಳಗಲ ಹಸಿರು ಬಟ್ಟೆಯನ್ನೂ ಅಸ್ತರನ್ನೂ ಕತ್ತರಿಸಿ ತೆಗೆದು, ಆ ಜಾಗಕ್ಕೆ ತೆಳುವಾದ ಹಳದಿ ಬಟ್ಟೆ ಕೊಟ್ಟಳು. ಅಪ್ಪ ಬಂದು ನೋಡಿ, ಒಳ್ಳೇ ಪರದೆ ಹಾಳುಮಾಡಿದೆ ಎಂದು ಗೊಣಗಿದ. ಅವಳು ಕೇಳಿಸಿಕೊಳ್ಳಲಿಲ್ಲ.

ಸಂಜೆ ಒಳಗೆ ದೀಪ ಹಾಕಿಸಿ, ನನ್ನನ್ನು ಗೇಟಿನಾಚೆ ಮರದ ಕೆಳಗೆ ಕರೆದುಕೊಂಡು ಹೋದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಕಪ್ಪು ಕಿಟಕಿಯ ನಡುವೆ ಒಂದು ಹಳದಿ ಗೆರೆ ನೆಟ್ಟಗೆ ನಿಂತಿತ್ತು.

"ಸರಿಯಾಗಿ ಸೋರ್ತಾ ಇದ್ಯೇನೇ?"

"ಸೋರ್ತಾ ಇದೆ ಅತ್ತೆ."

ಅತ್ತೆ ರಸ್ತೆ ದಾಟಿ, ಎದುರು ಮಗ್ಗುಲಿನ ಸ್ಟಾಪಿನಲ್ಲಿ ಬಸ್ಸು ನಿಲ್ಲುವ ಕಡೆ ಹೋಗಿ ನಿಂತು, ಅಲ್ಲಿಂದಲೂ ನೋಡಿದಳು. ಡ್ರೈವರ್ ಸೀಟಿನ ಎತ್ತರಕ್ಕೆ ಎಂದು ಸ್ಟಾಪಿನ ಬೆಂಚಿನ ಮೇಲೂ ಹತ್ತಿ ನಿಂತಳು. ಬಸ್ಸಿಗೆ ಕಾಯುತ್ತಿದ್ದವರು ಜಾಗ ಬಿಟ್ಟುಕೊಟ್ಟರು.

"ಸಾಲದು. ಇನ್ನೊಂದು ಬೆರಳು ಸೋರಲಿ" ಎಂದು ಅಲ್ಲಿಂದಲೇ ಕೂಗಿ, ಕತ್ತರಿ ತರಲು ಮನೆಗೆ ಓಡಿದಳು.